ನಾಲ್ಕಡಿ ಟ್ಯಾಂಕ್ ತೆಗೆದು ಕ್ಯೂಬ್ ಇಡಬೇಕೆಂದಿದ್ದೇನೆ, ಉಪ್ಪುನೀರಿನವರು ಸ್ವಲ್ಪ ಹೇಳಿ

ಸೀಗಡಿಪ್ರಿಯ (ಕುಂಬಳೆ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್. ಅಣ್ಣ ಮೇಲೆ ಎರಡು ಕೋಣೆ ಕಟ್ಟಿಸುತ್ತಿದ್ದಾನೆ. ಟ್ಯಾಂಕ್ ಇರುವ ಗೋಡೆಯಲ್ಲೇ ಮೆಟ್ಟಿಲು ಬರಬೇಕಂತೆ. ನನಗೆ ಉಳಿಯುವುದು ಹಾಲಿನ ಒಂದು ಮೂಲೆ ಮಾತ್ರ.

ಅಲ್ಲಿಗೆ 2 × 2 × 2 ಅಡಿಯ ಕ್ಯೂಬ್ ಮಾಡಿಸುವ ಅಂದಾಜು. ಹಳೆಯದರಲ್ಲಿ ಸುಮಾರು 255 ಲೀಟರ್ ಹಿಡಿಯುತ್ತದೆ, ಕ್ಯೂಬ್‌ನಲ್ಲಿ 226. ಅಂಥ ದೊಡ್ಡ ವ್ಯತ್ಯಾಸ ಏನಿಲ್ಲ ಅಲ್ವಾ? ಮೀನುಗಳು: ಕ್ಲೌನ್ ಜೋಡಿ, ಒಂದು ಬ್ಲೂ ಟ್ಯಾಂಗ್ (ಈಗ ನಾಲ್ಕಿಂಚು), ಒಂದು ಫೈರ್‌ಫಿಶ್, ಎರಡು ಕ್ಲೀನರ್ ಸೀಗಡಿ. ಹವಳದಲ್ಲಿ ಝೋವಾ ಮತ್ತು ಮಶ್ರೂಮ್ ಮಾತ್ರ. ಕೆಳಗೆ ಸಂಪ್ (ನೀರು ಇಳಿದು ಸೋಸಿ ಮತ್ತೆ ಮೇಲೇರುವ ಎರಡನೇ ತೊಟ್ಟಿ) ಇದೆ, ನೊರೆಯಲ್ಲಿ ಕಸ ತೆಗೆಯುವ ಸ್ಕಿಮ್ಮರ್ ಇದೆ. ಎಲ್ಲವನ್ನೂ ಹಾಗೇ ಕ್ಯೂಬಿಗೆ ಹಾಕಬಹುದಾ? ಗಾಜು ಎಷ್ಟು ದಪ್ಪ ಬೇಕು?

ನಾಲ್ಕಡಿ (ಉಪ್ಪಳ)

ಲೀಟರ್ ನೋಡಬೇಡಿ, ಉದ್ದ ನೋಡಿ. ಟ್ಯಾಂಗ್‌ಗೆ ಅದು ಆಗುವುದಿಲ್ಲ.

ಹವಳದಹುಚ್ಚು (ಮಂಗಳೂರು)

ನಾಲ್ಕಡಿ ಅವರು ಒಂದೇ ಗೆರೆಯಲ್ಲಿ ಮುಗಿಸಿದರು, ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀರು ಹೆಚ್ಚುಕಡಿಮೆ ಅಷ್ಟೇ ಇದ್ದರೂ ಕ್ಯೂಬ್ ಬೇರೆಯೇ ಟ್ಯಾಂಕ್. ಮೊದಲನೆಯದು ಮೇಲ್ಮೈ. ನಿಮ್ಮ ಹಳೆ ಟ್ಯಾಂಕಿನಲ್ಲಿ ಗಾಳಿಗೆ ತೆರೆದಿರುವ ನೀರು ಆರು ಚದರ ಅಡಿ, ಕ್ಯೂಬ್‌ನಲ್ಲಿ ನಾಲ್ಕು. ಆಮ್ಲಜನಕ ಒಳಗೆ ಹೋಗುವುದು, ಇಂಗಾಲದ ಡೈಆಕ್ಸೈಡ್ ಹೊರಗೆ ಬರುವುದು ಆ ಮೇಲ್ಮೈಯಿಂದಲೇ. ಸ್ಕಿಮ್ಮರ್, ಸಂಪ್ ಓಡುತ್ತಿರುವಾಗ ಇದು ಗೊತ್ತಾಗುವುದಿಲ್ಲ. ಜುಲೈಯಲ್ಲಿ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದಾಗ ಗೊತ್ತಾಗುತ್ತದೆ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಇನ್ವರ್ಟರ್ ಇದ್ದರೆ ವೇವ್‌ಮೇಕರನ್ನು (ಟ್ಯಾಂಕಿನೊಳಗೆ ನೀರು ಓಡಿಸುವ ಪಂಪ್) ಅದಕ್ಕೆ ಕೊಡಿ, ಲೈಟನ್ನು ಬೇಡ.

ಎರಡನೆಯದು ನೀರಿನ ಓಟ. ಉದ್ದ ಟ್ಯಾಂಕಿನಲ್ಲಿ ಎರಡು ತುದಿಯಲ್ಲಿ ಎರಡು ವೇವ್‌ಮೇಕರ್ ಎದುರುಬದುರು ಇಟ್ಟರೆ ಮುಗಿಯಿತು. ನಡುವೆ ಎರಡೂ ಡಿಕ್ಕಿ ಹೊಡೆದು ಹರಡುತ್ತವೆ. ಕ್ಯೂಬ್‌ನಲ್ಲಿ ಎದುರಿನ ಗಾಜು ಎರಡೇ ಅಡಿ ದೂರ. ನೇರ ಇಟ್ಟರೆ ನೀರು ಗಾಜಿಗೆ ಬಡಿದು ಕೆಳಗಿಳಿದು ಹೊಯಿಗೆಯಲ್ಲಿ ಗುಂಡಿ ತೋಡುತ್ತದೆ, ಕಲ್ಲಿನ ಹಿಂದೆ ಮಾತ್ರ ಕಸ ನಿಂತೇ ಇರುತ್ತದೆ. ಹಾಗಾಗಿ ಕಲ್ಲನ್ನು ಹಿಂದಿನ ಗಾಜಿಗೆ ಒರಗಿಸಬೇಡಿ. ನಡುವೆ ಒಂದು ಕಂಬದ ಹಾಗೆ, ಅಲ್ಲಲ್ಲಿ ಸಂದು ಬಿಟ್ಟು ಕಟ್ಟಿ. ನೀರು ಸುತ್ತಲೂ ತಿರುಗಬೇಕು. ಪಂಪ್ ಹಿಂದಿನ ಮೂಲೆಯಲ್ಲಿದ್ದು ಎದುರಿನ ಮೂಲೆಗೆ ಓರೆಯಾಗಿ ಬೀಸಲಿ.

ಲಾಭವೂ ಇದೆ. ಎರಡಡಿ ಚೌಕಕ್ಕೆ ಒಳ್ಳೆಯ ಎಲ್‌ಇಡಿ ಒಂದೇ ಸಾಕು. ನಾಲ್ಕಡಿಗೆ ಎರಡು ಬೇಕಿತ್ತು. ಮೂಲೆಯಲ್ಲಿಟ್ಟರೂ ಎರಡು ಬದಿಯಿಂದ ನೋಡಬಹುದು. ಹಿಂದೆಮುಂದೆ ಎರಡಡಿ ಆಳ ಸಿಗುವುದರಿಂದ ಕಲ್ಲು ಜೋಡಿಸಿದರೆ ನಿಜವಾಗಿ ಗುಡ್ಡ ಕಂಡ ಹಾಗೆ ಕಾಣುತ್ತದೆ. ಒಂದೂವರೆ ಅಡಿ ಅಗಲದಲ್ಲಿ ಆ ನೋಟ ಬರುವುದಿಲ್ಲ.

ಟ್ಯಾಂಗ್ ವಿಷಯದಲ್ಲಿ ನಾನೂ ಉಪ್ಪಳದವರ ಪಕ್ಷ.

ಸೀಗಡಿಪ್ರಿಯ (ಕುಂಬಳೆ)

ನಾಲ್ಕಿಂಚಿನ ಮೀನಿಗೆ ಎರಡಡಿ ಸಾಲದಾ? ಯೂಟ್ಯೂಬಿನಲ್ಲಿ ಕ್ಯೂಬಿನೊಳಗೆ ಟ್ಯಾಂಗ್ ಇಟ್ಟವರು ಎಷ್ಟೋ ಜನ ಇದ್ದಾರೆ.

ನಾಲ್ಕಡಿ (ಉಪ್ಪಳ)

ಇಟ್ಟವರು ಇದ್ದಾರೆ. ಅದೇ ಮೀನನ್ನು ಎರಡು ವರ್ಷ ಬಿಟ್ಟು ತೋರಿಸಿದವರು ಎಷ್ಟು ಜನ?

ಬ್ಲೂ ಟ್ಯಾಂಗ್ ಪೂರ್ತಿ ಬೆಳೆದರೆ 30 ಸೆಂಟಿಮೀಟರ್ ತನಕ ಹೋಗುತ್ತದೆ, ಅಂದರೆ ಒಂದಡಿ. ಎರಡಡಿ ಪೆಟ್ಟಿಗೆಯಲ್ಲಿ ಒಂದಡಿ ಮೀನು. ತಿರುಗುವುದು ಮಾತ್ರ, ಈಜುವುದು ಎಲ್ಲಿ? ಈ ಜಾತಿ ಹಗಲಿಡೀ ಬಂಡೆಯಿಂದ ಬಂಡೆಗೆ ಪಾಚಿ ಮೇಯುತ್ತಾ ಓಡಾಡುವಂಥದ್ದು. ಹೆದರಿದರೆ ನೇರ ಗೆರೆಯಲ್ಲಿ ಓಡುತ್ತದೆ, ಗಾಜಿಗೆ ಮೂತಿ ಬಡಿಯುತ್ತದೆ. ಜಾಗ ಇಕ್ಕಟ್ಟಾದರೆ ಮೈಮೇಲೆ ಬಿಳಿ ಚುಕ್ಕೆ ರೋಗ ಬರುವುದೂ ಇದಕ್ಕೇ ಮೊದಲು. ಸರಿಯಾಗಿ ಹೇಳಬೇಕೆಂದರೆ ನಿಮ್ಮ ನಾಲ್ಕಡಿಯೇ ಅದಕ್ಕೆ ಸಣ್ಣದು, ಆರಡಿ ಬೇಕು.

ಕ್ಲೌನ್ ಹಾಗಲ್ಲ. ಕಡಲಲ್ಲೂ ಅದು ತನ್ನ ಅನಿಮೋನ್ ಬಿಟ್ಟು ದೂರ ಹೋಗುವುದಿಲ್ಲ. ಜೋಡಿಗೆ ಒಂದು ಮೂಲೆ ಸಿಕ್ಕಿದರೆ ಟ್ಯಾಂಕ್ ಉದ್ದವೋ ಚೌಕವೋ ಎಂಬ ಚಿಂತೆಯೇ ಇಲ್ಲ. ಫೈರ್‌ಫಿಶ್ ಕೂಡ ಆಗಬಹುದು, ಆದರೆ ಅದು ಹಾರುತ್ತದೆ. ಮೇಲೆ ಪಟ್ಟಿ ಇಲ್ಲದ ಕ್ಯೂಬ್ ಮಾಡಿಸಿದರೆ ಬಲೆ ಮುಚ್ಚಳ ಬೇಕೇ ಬೇಕು. ಬೆಳಿಗ್ಗೆ ಎದ್ದು ನೋಡುವಾಗ ಸೋಫಾದ ಅಡಿಯಲ್ಲಿ ಒಣಗಿರುತ್ತದೆ.

ಚಂದ್ರಗಿರಿದಡ (ತಳಂಗರೆ)

ನಾಲ್ಕಡಿ ಅಣ್ಣ ಸ್ವಲ್ಪ ಜಾಸ್ತಿಯೇ ಹೆದರಿಸುತ್ತಾರೆ. ಸಣ್ಣದಿರುವಾಗ ಒಂದು ವರ್ಷ ಕ್ಯೂಬಿನಲ್ಲಿಟ್ಟು ಆಮೇಲೆ ಕೊಟ್ಟರೂ ಆಗುತ್ತದೆ. ಅಂಗಡಿಯ ಒಂದಡಿ ಪೆಟ್ಟಿಗೆಗಿಂತ ವಾಸಿ ತಾನೇ?

ನಾಲ್ಕಡಿ (ಉಪ್ಪಳ)

ಆಮೇಲೆ ಕೊಡುತ್ತೇನೆ ಎಂದವರು ಕೊಟ್ಟದ್ದನ್ನು ನಾನು ನೋಡಿಲ್ಲ. ಅಷ್ಟೊತ್ತಿಗೆ ಮನೆಯ ಮಕ್ಕಳು ಅದಕ್ಕೆ ಹೆಸರಿಟ್ಟಿರುತ್ತಾರೆ. ಇನ್ನೊಂದು ವಿಷಯ, ಕ್ಯೂಬಿನಿಂದ ಅದನ್ನು ಹಿಡಿಯಬೇಕಾದರೆ ಕಲ್ಲೆಲ್ಲ ಕೀಳಬೇಕು. ಈಗ ಹೇಗೂ ಎಲ್ಲವನ್ನೂ ಬಿಚ್ಚುತ್ತೀರಲ್ಲ, ಕೊಡುವುದಾದರೆ ಈಗಲೇ ಕೊಡಿ.

ಸಿವಿಲ್‌ಇಂಜಿ (ಕಾಸರಗೋಡು)

ಮೀನಿನ ಜಗಳ ನೀವು ಮುಗಿಸಿ. ನನ್ನ ಪ್ರಶ್ನೆ ನೆಲದ್ದು. ಮೂಲೆ ಯಾವ ಮಹಡಿಯಲ್ಲಿದೆ?

ಒಂದು ಚದರ ಅಡಿ ನೆಲದ ಮೇಲೆ ಒಂದಡಿ ಎತ್ತರದ ಉಪ್ಪುನೀರು ನಿಂತರೆ 29 ಕಿಲೋ. ಹಳೆಯ ಟ್ಯಾಂಕ್ ಒಂದೂವರೆ ಅಡಿ ಎತ್ತರ, ಅಂದರೆ ಚದರ ಅಡಿಗೆ 43 ಕಿಲೋ ಚಿಲ್ಲರೆ. ಕ್ಯೂಬ್ ಎರಡಡಿ ಎತ್ತರ, 58 ಕಿಲೋ. ಒಟ್ಟು ನೀರು ಕಡಿಮೆಯಾದರೂ ನೆಲದ ಮೇಲೆ ಒತ್ತಡ ಜಾಸ್ತಿ. ಇದು ನೀರು ಮಾತ್ರ. ಗಾಜು, ಕಲ್ಲು, ಸ್ಟ್ಯಾಂಡ್, ಕೆಳಗಿನ ಸಂಪ್ ಎಲ್ಲ ಸೇರಿದರೆ ಒಟ್ಟು 300 ಕಿಲೋ ದಾಟುತ್ತದೆ. ನಮ್ಮಲ್ಲಿ ಮನೆಯ ಸ್ಲ್ಯಾಬಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಲೆಕ್ಕ ಹಿಡಿಯುತ್ತಾರೆ. ಅದು ಇಡೀ ಕೋಣೆಗೆ ಹರಡಿದ ಲೆಕ್ಕ, ಹಾಗಾಗಿ ಒಂದು ಮೂಲೆಯಲ್ಲಿ ಟ್ಯಾಂಕ್ ಇಟ್ಟ ಕೂಡಲೇ ಸ್ಲ್ಯಾಬ್ ಬೀಳುತ್ತದೆ ಎಂದಲ್ಲ. ಆದರೆ ಮೇಲ್ಮಹಡಿಯಾದರೆ ಗೋಡೆಗೆ ತಾಗಿ, ಬೀಮಿನ ಮೇಲೆ ಇಡಿ, ಕೋಣೆಯ ನಡುವೆ ಬೇಡ. ಹಳೆಯ ಹಂಚಿನ ಮನೆಯ ಮರದ ಮುಚ್ಚಿಗೆಯ ಮೇಲಂತೂ ಬೇಡವೇ ಬೇಡ.

ಸೀಗಡಿಪ್ರಿಯ (ಕುಂಬಳೆ)

ಕೆಳಗಿನ ನೆಲವೇ. ಮುರಕಲ್ಲು ತುಂಬಿಸಿ ಮೇಲೆ ಕಾವಿ ಹಾಕಿದ್ದು, ಅಜ್ಜನ ಕಾಲದ್ದು.

ಸಿವಿಲ್‌ಇಂಜಿ (ಕಾಸರಗೋಡು)

ಹಾಗಾದರೆ ಭಾರಕ್ಕೆ ಹೆದರಬೇಡಿ, ಮಟ್ಟ ನೋಡಿ. ಹಳೆಯ ಕಾವಿ ನೆಲ ಕಣ್ಣಿಗೆ ಸಮ ಕಂಡರೂ ಮೂಲೆಯಲ್ಲಿ ಇಳಿಜಾರು ಇರುತ್ತದೆ, ನೀರು ಬಳಿಯಲಿಕ್ಕೆ ಬಿಟ್ಟದ್ದು. ಸ್ಪಿರಿಟ್ ಲೆವೆಲ್ ಸ್ಟ್ಯಾಂಡಿನ ಮೇಲಿಟ್ಟು ಕಾಲಿನಡಿ ಸರಿಮಾಡಿ. ಗಾಜಿನಡಿ ಸಪೂರ ಫೋಮ್ ಹಾಸಿ. ಹೊಸ ಟ್ಯಾಂಕಿಗೆ ಮೊದಲು ಜಗಲಿಯಲ್ಲಿ ಸಿಹಿನೀರು ತುಂಬಿಸಿ ಎರಡು ಮೂರು ದಿನ ಬಿಟ್ಟು ನೋಡಿ. ಸೋರುವುದಾದರೆ ಅಲ್ಲೇ ಸೋರಲಿ.

ಗಾಜಿನ ದಪ್ಪ ಎತ್ತರದ ಮೇಲೆ ಹೋಗುತ್ತದೆ, ಲೀಟರಿನ ಮೇಲೆ ಅಲ್ಲ. ಗಾಜಿನ ಬುಡಕ್ಕೆ ಬೀಳುವ ಒತ್ತಡ ಆಳ ಹೆಚ್ಚಿದ ಹಾಗೆ ಹೆಚ್ಚುತ್ತದೆ. ಎರಡಡಿ ಎತ್ತರಕ್ಕೆ ಮೇಲೆ ಪಟ್ಟಿ ಇಲ್ಲದೆ ಮಾಡಿಸುವುದಾದರೆ 12 ಎಂಎಂಗೆ ಹೋಗಿ.

ಮುಳ್ಳೇರಿಯದಕ್ಕ (ಮುಳ್ಳೇರಿಯ)

ನನ್ನದು ಕ್ಯೂಬೇ. ಎಲ್ಲರೂ ಮೀನಿನ ಕಡೆಯಿಂದ ಹೇಳಿದರು, ನಾನು ಟ್ಯಾಂಕ್ ತೊಳೆಯುವವಳ ಕಡೆಯಿಂದ ಹೇಳುತ್ತೇನೆ.

ಎರಡಡಿ ಆಳದ ಟ್ಯಾಂಕಿನಲ್ಲಿ ಅಡಿಗೆ ಬಿದ್ದ ಒಂದು ಝೋವಾ ಎತ್ತಬೇಕೆಂದರೆ ಕೈ ಕಂಕುಳ ತನಕ ಮುಳುಗಬೇಕು. ಸ್ಟ್ಯಾಂಡ್ ಎರಡೂವರೆ ಅಡಿ ಇದ್ದರೆ ಟ್ಯಾಂಕಿನ ಬಾಯಿ ನಾಲ್ಕೂವರೆ ಅಡಿಯಲ್ಲಿ. ನಾನು ಸ್ಟೂಲ್ ಹತ್ತಿ ನಿಂತು, ಕೆನ್ನೆ ನೀರಿಗೆ ತಾಗಿಸಿ, ಕಣ್ಣು ಕಾಣದೆ ಬೆರಳಲ್ಲೇ ಹುಡುಕುತ್ತೇನೆ. ತೆಗೆಯುವಷ್ಟರಲ್ಲಿ ಇನ್ನೆರಡು ಬಿದ್ದಿರುತ್ತವೆ. ಹಿಂದಿನ ಗಾಜಿನ ಪಾಚಿ ಕೆರೆಯುವುದನ್ನು ಬಿಟ್ಟೇಬಿಟ್ಟಿದ್ದೇನೆ, ಅದು ಬಸವನಹುಳಕ್ಕೆ ಇರಲಿ ಅಂತ.

ಅದಕ್ಕೆ ನನ್ನ ಮಾತು ಕೇಳಿ ತಮ್ಮಾ. ಉದ್ದ ಅಗಲ ಎರಡಡಿ ಇರಲಿ, ಎತ್ತರ ಒಂದೂವರೆ ಸಾಕು. ನೋಡಲಿಕ್ಕೆ ಕ್ಯೂಬಿನ ಹಾಗೇ ಇರುತ್ತದೆ. 170 ಲೀಟರ್ ಬರುತ್ತದೆ. ಬೆಳಕು ಅಡಿಯ ತನಕ ಚೆನ್ನಾಗಿ ಇಳಿಯುತ್ತದೆ, ಕೈ ಹೋಗುತ್ತದೆ, ಗಾಜು 10 ಎಂಎಂ ಸಾಕಾಗುತ್ತದೆ. ಮೇಲ್ಮೈ ಅಷ್ಟೇ ನಾಲ್ಕು ಚದರ ಅಡಿ, ಆದರೆ ನೀರು ಕಡಿಮೆ. ಹಾಗಾಗಿ ಗಾಳಿ ವಿಷಯದಲ್ಲೂ ವಾಸಿ.

ಹವಳದಹುಚ್ಚು (ಮಂಗಳೂರು)

ಅಕ್ಕ ಹೇಳಿದ್ದು ನೂರಕ್ಕೆ ನೂರು. ಅಚ್ಚು ಕ್ಯೂಬ್ ಆಗಲೇಬೇಕೆಂದು ಯಾರೂ ಹರಕೆ ಹೊತ್ತಿಲ್ಲ.

ಒಂದು ವಿಷಯ ಸೇರಿಸುತ್ತೇನೆ. ನೀರು ಕಡಿಮೆಯಾದರೆ ಸೆಕೆಗಾಲದಲ್ಲಿ ಬೇಗ ಬಿಸಿಯಾಗುತ್ತದೆ. 25ರಿಂದ 27 ಡಿಗ್ರಿಯಲ್ಲಿ ಇಡಬೇಕು. ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯ ಮನೆಯೊಳಗೇ 32, 33 ಇರುತ್ತದೆ. ಫ್ಯಾನ್ ಬೀಸಿದರೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯಬಹುದು, ಆದರೆ ಗಾಳಿಯಲ್ಲೇ ತೇವ ತುಂಬಿರುವಾಗ ಅದೂ ಪೂರ್ತಿ ಕೆಲಸ ಮಾಡುವುದಿಲ್ಲ. ಬಯಲುಸೀಮೆಯವರು ಫ್ಯಾನ್ ಸಾಕು ಎಂದರೆ ಅವರ ಊರಿಗೆ ಸರಿ. ಇಲ್ಲಿ ನೀರು ತಣಿಸುವ ಚಿಲ್ಲರ್ ಯಂತ್ರ ಬೇಕಾಗುತ್ತದೆ. ಆವಿಯಾದದ್ದಕ್ಕೆ ಸಿಹಿನೀರು ಸೇರಿಸಿ, ಉಪ್ಪುನೀರು ಸೇರಿಸಬೇಡಿ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ.

ಬಾಯಾರು_ಸುರಂಗ (ಬಾಯಾರು)

ಸಿಹಿನೀರಿನ ಮಾತು ಬಂದದ್ದಕ್ಕೆ ಕೇಳುತ್ತೇನೆ. ನಮ್ಮ ಮನೆಗೆ ಸುರಂಗದ ನೀರು. ಗುಡ್ಡದ ಒಳಗಿಂದ ಬರುವುದು, ಮೀಟರ್ ಹಾಕಿದರೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ತುಂಬಾ ಕಡಿಮೆ. ಅದನ್ನೇ ನೇರವಾಗಿ ಟ್ಯಾಂಕಿಗೆ ಹಾಕಬಹುದಾ? ಆರ್‌ಒಗೆ ಸುಮ್ನೆ ಯಾಕೆ ಖರ್ಚು?

ಮುಳ್ಳೇರಿಯದಕ್ಕ (ಮುಳ್ಳೇರಿಯ)

ತೋಟ ಇದೆಯಾ? ಅಡಿಕೆಗೆ ಬೋರ್ಡೋ ಬಿಡುತ್ತೀರಾ?

ಬಾಯಾರು_ಸುರಂಗ (ಬಾಯಾರು)

ಬಿಡದೆ ಉಂಟಾ ಅಕ್ಕಾ. ಕೊಳೆರೋಗ ಬಂದರೆ ವರ್ಷದ ಫಸಲೇ ಹೋಯಿತಲ್ಲ.

ಮುಳ್ಳೇರಿಯದಕ್ಕ (ಮುಳ್ಳೇರಿಯ)

ಹಾಗಾದರೆ ನೇರ ಹಾಕಬೇಡಿ. ಬೋರ್ಡೋ ಎಂದರೆ ಮೈಲುತುತ್ತು ಮತ್ತು ಸುಣ್ಣ. ಒಂದು ಪರ್ಸೆಂಟ್ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಹೋಗುತ್ತದೆ. ಅದರಲ್ಲಿರುವುದು ತಾಮ್ರ. ಅಡಿಕೆಯ ಕೊಳೆಗೆ ಅದು ಮದ್ದು, ಸೀಗಡಿಗೆ ಹವಳಕ್ಕೆ ವಿಷ. ಮನುಷ್ಯ ಕುಡಿಯುವ ನೀರಿನಲ್ಲಿ ಇದ್ದರೂ ತೊಂದರೆಯಿಲ್ಲದಷ್ಟು ತಾಮ್ರ ಸೀಗಡಿಯನ್ನು ಕೊಲ್ಲಲಿಕ್ಕೆ ಸಾಕು. ಟಿಡಿಎಸ್ ಮೀಟರ್ ಒಟ್ಟು ಎಷ್ಟಿದೆ ಎಂದು ಹೇಳುತ್ತದೆ, ಅದರಲ್ಲಿ ತಾಮ್ರ ಉಂಟಾ ಎಂದು ಹೇಳುವುದಿಲ್ಲ.

ಸುರಂಗದೊಳಗಿನ ನೀರಿಗಿಂತ ಮಾಡಿನ ನೀರಿನ ಬಗ್ಗೆ ನನಗೆ ಭಯ ಜಾಸ್ತಿ. ತೋಟದ ಬದಿಯ ಮಾಡಿನ ಮೇಲೆ ಮದ್ದು ಬಿದ್ದಿರುತ್ತದೆ. ಮಳೆ ನೀರು ಶುದ್ಧ ಎಂದು ಡ್ರಮ್ಮಿಗೆ ಹಿಡಿದು ಟ್ಯಾಂಕಿಗೆ ಹಾಕಿದರೆ ಆಯಿತು ಕಥೆ. ಮದ್ದು ಬಿಟ್ಟು ಬಂದ ಕೈಯನ್ನು ಎಷ್ಟು ತೊಳೆದರೂ ಆ ದಿನ ಟ್ಯಾಂಕಿಗೆ ಹಾಕಬೇಡಿ. ನಮ್ಮಲ್ಲಿ ಮದ್ದು ಬಿಡುವ ದಿನ ಮೀನಿಗೆ ಆಹಾರ ಹಾಕುವುದು ಮಗಳು.

ಆರ್‌ಒ, ಅದರ ನಂತರ ಉಳಿದ ಲವಣವನ್ನೂ ಹಿಡಿಯುವ ಡಿಐ ಫಿಲ್ಟರ್. ಖರ್ಚು ಎಂದು ನೋಡಬೇಡಿ.

ಚಂದ್ರಗಿರಿದಡ (ತಳಂಗರೆ)

ಸಿಹಿನೀರಿಗೆ ಇಷ್ಟು ಪಾಡು ಪಡುವ ಬದಲು ಕಡಲ ನೀರೇ ತನ್ನಿ ಮಾರಾಯ್ರೆ. ಕುಂಬಳೆಯಿಂದ ಕಡಲಿಗೆ ಎಷ್ಟು ದೂರ? ನಾನು ಟ್ಯಾಂಕಿಗೆಂದೇ ಮಾರುವ ಡಬ್ಬಿ ಉಪ್ಪು ಖರೀದಿಸುವುದೇ ಇಲ್ಲ.

ಸೀಗಡಿಪ್ರಿಯ (ಕುಂಬಳೆ)

ನಾನೂ ಬೇಸಗೆಯಲ್ಲಿ ತರುತ್ತೇನೆ. ಆದರೆ ಅಳಿವೆಯ ಹತ್ತಿರ ಬೇಡ ಎನ್ನುತ್ತಾರಲ್ಲ?

ಚಂದ್ರಗಿರಿದಡ (ತಳಂಗರೆ)

ಹೌದು, ಅಳಿವೆ ಬೇಡ. ನಮ್ಮ ಬದಿಯಲ್ಲಿ ಚಂದ್ರಗಿರಿ, ನಿಮ್ಮ ಬದಿಯಲ್ಲಿ ಶಿರಿಯ ಹೊಳೆ. ಹೊಳೆ ಸೇರುವಲ್ಲಿ ಉಪ್ಪು ಕಡಿಮೆ, ಕೆಸರು ಜಾಸ್ತಿ. ಬಂದರಿನ ಹತ್ತಿರವೂ ಬೇಡ, ಡೀಸೆಲ್ ತೇಲುತ್ತಿರುತ್ತದೆ. ಅಳಿವೆಯಿಂದ ದೂರ, ಭರತ ಪೂರ್ತಿ ಏರಿದಾಗ, ಕಡಲು ತಿಳಿಯಾಗಿರುವ ದಿನ ಹೋಗಿ. ಡಿಸೆಂಬರಿನಿಂದ ಏಪ್ರಿಲ್ ತನಕ ಚೆನ್ನಾಗಿರುತ್ತದೆ. ಜೂನ್ ಹಿಡಿದ ಮೇಲೆ ಹೋಗಲೇಬೇಡಿ. ಹೊಳೆಯೆಲ್ಲ ಕೆಂಪಾಗಿ ಬಂದು ಕಡಲ ಬದಿಯ ನೀರಿನ ಬಣ್ಣವೇ ಬದಲಾಗಿರುತ್ತದೆ. ಅಲೆಯಲ್ಲಿ ಕ್ಯಾನ್ ಹಿಡಿದು ನಿಲ್ಲುವುದೂ ಅಪಾಯ.

ತಂದ ನೀರನ್ನು ಅದೇ ದಿನ ಹಾಕಬೇಡಿ. ಬಟ್ಟೆಯಲ್ಲಿ ಸೋಸಿ, ಮುಚ್ಚಳದ ಡ್ರಮ್ಮಿನಲ್ಲಿ ಕತ್ತಲೆಯಲ್ಲಿ ಕೆಲವು ವಾರ ಇಡಿ. ಒಳಗಿನ ಸೂಕ್ಷ್ಮ ಜೀವಿಗಳು ಸತ್ತು ಅಡಿಗೆ ಕೂರುತ್ತವೆ. ಮೇಲಿನ ತಿಳಿ ಮಾತ್ರ ತೆಗೆಯಿರಿ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು), ಅಂದರೆ ಸಾಪೇಕ್ಷ ಸಾಂದ್ರತೆ 1.026ರ ಹತ್ತಿರ ಬರಬೇಕು.

ಹವಳದಹುಚ್ಚು (ಮಂಗಳೂರು)

20 ಲೀಟರ್ ಕ್ಯಾನ್ ಹೊತ್ತು ಹೊಯಿಗೆಯಲ್ಲಿ ನಡೆಯುವ ಬೆನ್ನು ಇದ್ದವರಿಗೆ ಅದು ಸರಿ. ನನಗೆ ಡಬ್ಬಿ ಉಪ್ಪೇ ಆಗಬಹುದು. ಲೀಟರಿಗೆ 35ರಿಂದ 38 ಗ್ರಾಂ ಲೆಕ್ಕ, 170 ಲೀಟರಿಗೆ ಆರು ಕಿಲೋ ಚಿಲ್ಲರೆ. ಕಡಲ ಬದಿಯ ಹೊಯಿಗೆ ಮಾತ್ರ ತುಂಬಿಕೊಂಡು ಬರಬೇಡಿ, ಅದಕ್ಕೆ ಕಾನೂನು ಅಡ್ಡ ಬರುತ್ತದೆ. ಅಂಗಡಿಯ ಅರಗೊನೈಟ್ ಹೊಯಿಗೆಯ ಚೀಲ ತನ್ನಿ.

ಕಲ್ಲಿನ ಬಗ್ಗೆ ಕೂಡ ಈಗಲೇ ಹೇಳಿಬಿಡುತ್ತೇನೆ. ಹೊಸ ಟ್ಯಾಂಕಿಗೆ ಕಲ್ಲು ಸಾಲದೆ ಬಂದರೆ ಅಂಗಳದ ಮುರಕಲ್ಲು ಹಾಕಬೇಡಿ, ಅದು ತುಂಬಾ ಕಬ್ಬಿಣದ ಕಲ್ಲು. ಲಕ್ಷದ್ವೀಪದಿಂದ ಯಾರೋ ತಂದ ಹವಳದ ತುಂಡು ಇದೆ ಎಂದರೂ ಮುಟ್ಟಬೇಡಿ. ಕಲ್ಲುಹವಳ ಪೂರ್ತಿಯಾಗಿ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಪರಿಶಿಷ್ಟದಲ್ಲಿದೆ. ಹುಲಿ, ಆನೆ ಇರುವ ಅದೇ ಪಟ್ಟಿ. ಕಡಲಕುದುರೆಯೂ ಅದರಲ್ಲೇ. ಸೆರಾಮಿಕ್ ಕಲ್ಲು ಸಿಗುತ್ತದೆ, ಅದು ಸಾಕು.

ಸೀಗಡಿಪ್ರಿಯ (ಕುಂಬಳೆ)

ಎಲ್ಲವನ್ನೂ ಓದಿದೆ. ಅಕ್ಕನ ಅಳತೆಗೇ ಬಂದೆ. 2 × 2 × 1.5, 10 ಎಂಎಂ, ಮೇಲೆ ಬಲೆ ಮುಚ್ಚಳ. ಟ್ಯಾಂಗ್ ವಿಷಯದಲ್ಲಿ ಮನೆಯಲ್ಲಿ ಇನ್ನೂ ಮಾತುಕತೆ ನಡೆಯುತ್ತಿದೆ, ಅಣ್ಣನ ಮಗ ಒಪ್ಪುತ್ತಿಲ್ಲ. ಹೆಸರಿಟ್ಟಾಗಿದೆ, ಹೌದು.

ಸ್ಥಳಾಂತರ ಹೇಗೆ ಎಂದು ಯಾರಾದರೂ ಕ್ರಮವಾಗಿ ಹೇಳಿ. ಹೊಸ ಟ್ಯಾಂಕಿನಲ್ಲಿ ಮತ್ತೆ ಸೈಕಲ್ ಆಗಲಿಕ್ಕೆ (ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲಿಕ್ಕೆ) ಒಂದೂವರೆ ತಿಂಗಳು ಕಾಯಬೇಕಾ? ಮೆಟ್ಟಿಲಿನ ಕೆಲಸದವರು ಅಷ್ಟು ಕಾಯುವುದಿಲ್ಲ.

ನಾಲ್ಕಡಿ (ಉಪ್ಪಳ)

ಕಾಯಬೇಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದು ಕಲ್ಲಿನಲ್ಲಿ, ನೀರಿನಲ್ಲಿ ಅಲ್ಲ. ಕಲ್ಲು ಒದ್ದೆಯಾಗಿ ಹೊಸ ಟ್ಯಾಂಕ್ ಸೇರಿದರೆ ಸೈಕಲ್ ಅದರ ಜೊತೆಗೇ ಬರುತ್ತದೆ.

ನಾನು ಮಾಡುವ ಕ್ರಮ ಹೇಳುತ್ತೇನೆ. ಹಿಂದಿನ ದಿನ ಹೊಸ ಉಪ್ಪುನೀರು ಕಲಸಿ ಪಂಪ್ ಹಾಕಿ ತಿರುಗಲು ಬಿಡಿ. ಮೀನಿಗೆ ಆ ದಿನ ಊಟ ಬೇಡ. ಮರುದಿನ ಬೆಳಿಗ್ಗೆ, ಯಾವುದಕ್ಕೂ ಕೈ ಹಾಕುವ ಮೊದಲು, ಹಳೆ ಟ್ಯಾಂಕಿನ ಮೇಲಿನ ತಿಳಿನೀರನ್ನು ಅರ್ಧದಷ್ಟು ಡ್ರಮ್ಮಿಗೆ ಎಳೆದಿಡಿ. ಒಮ್ಮೆ ಕಲ್ಲು ಅಲುಗಾಡಿದರೆ ಕಸ ಎದ್ದು ಆ ನೀರು ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಕಲ್ಲು ತೆಗೆದು ಅದೇ ನೀರಿರುವ ಇನ್ನೊಂದು ಡ್ರಮ್ಮಿಗೆ ಹಾಕಿ. ಮೀನು ಹಿಡಿಯಲು ಕಲ್ಲು ಇರುವಾಗ ಹೋಗಬೇಡಿ. ಕಲ್ಲೆಲ್ಲ ಹೋಗಿ ನೀರು ಒಂದು ಗೇಣಿಗೆ ಇಳಿದ ಮೇಲೆ ಡಬ್ಬಿಯಲ್ಲೇ ಎತ್ತಬಹುದು. ಬಲೆಯಲ್ಲಿ ಟ್ಯಾಂಗ್ ಹಿಡಿಯಬೇಡಿ, ಬಾಲದ ಬುಡದಲ್ಲಿ ಚೂಪು ಮುಳ್ಳು ಇದೆ, ಬಲೆಗೆ ಸಿಕ್ಕಿಹಾಕಿಕೊಳ್ಳುತ್ತದೆ, ಕೈಯನ್ನೂ ಸೀಳುತ್ತದೆ. ಮುಚ್ಚಳದ ಬಕೆಟ್, ಒಳಗೆ ಏರ್‌ಸ್ಟೋನ್.

ಹಳೆಯ ಹೊಯಿಗೆ ಬಿಟ್ಟುಬಿಡಿ. ಅಡಿಯಲ್ಲಿ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಅದು ನೀರಿಗೆ ಬಂದರೆ ಮೀನು ಉಳಿಯುವುದಿಲ್ಲ. ಬೇಕಾದರೆ ಮೇಲಿನ ಒಂದೆರಡು ಮುಷ್ಟಿ ಮಾತ್ರ ಹಳೆ ನೀರಲ್ಲೇ ತೊಳೆದು ಹಾಕಿ. ಹೊಸ ಟ್ಯಾಂಕಿನಲ್ಲಿ ಮೊದಲು ಕಲ್ಲು, ಗಾಜಿನ ಮೇಲೆ ಗಟ್ಟಿಯಾಗಿ ಕೂರಿಸಿ, ಸುತ್ತ ಆಮೇಲೆ ಹೊಯಿಗೆ ಸುರಿಯಿರಿ. ಹೊಯಿಗೆಯ ಮೇಲೆ ಕಲ್ಲು ಇಟ್ಟರೆ ಯಾವುದಾದರೂ ಮೀನು ಅಡಿಯಲ್ಲಿ ತೋಡಿದಾಗ ಕುಸಿಯುತ್ತದೆ. ನಂತರ ಇಟ್ಟುಕೊಂಡ ನೀರು, ಸಾಲದ್ದಕ್ಕೆ ಹೊಸ ನೀರು. ಉಷ್ಣತೆ, ಉಪ್ಪು ಎರಡೂ ಹೊಂದಿದ ಮೇಲೆ ಮೀನು ಬಿಡಿ. ಒಂದು ವಾರ ದಿನಾಲೂ ಅಮೋನಿಯಾ ಪರೀಕ್ಷೆ. ಬಂದರೆ ನೀರು ಬದಲಿಸಿ.

ಸಿವಿಲ್‌ಇಂಜಿ (ಕಾಸರಗೋಡು)

ಸಂಪ್ ಹಳೆಯದೇ ಇಡುವುದಾದರೆ ಒಂದು ಲೆಕ್ಕ. ಕರೆಂಟ್ ಹೋದಾಗ ಓವರ್‌ಫ್ಲೋ ಮಟ್ಟದ ಮೇಲಿನ ನೀರೆಲ್ಲ ಕೆಳಗೆ ಬರುತ್ತದೆ. ಹಳೆ ಟ್ಯಾಂಕಿನಲ್ಲಿ ಒಂದಿಂಚು ಇಳಿದರೆ 14 ಲೀಟರ್, ಕ್ಯೂಬಿನಲ್ಲಿ ಒಂಬತ್ತೂವರೆ. ಹಾಗಾಗಿ ನಿಮ್ಮ ಹಳೆ ಸಂಪಿನಲ್ಲಿ ಜಾಗ ಉಳಿಯುತ್ತದೆ, ತುಂಬಿ ಚೆಲ್ಲುವ ಭಯ ಇಲ್ಲ. ಮೇಲೆ ಹೋಗುವ ಪೈಪಿನ ಬಾಯಿ ಮಾತ್ರ ನೀರಿನಲ್ಲಿ ಆಳಕ್ಕೆ ಮುಳುಗಿರಬಾರದು.

ಕಬ್ಬಿಣದ ಸ್ಟ್ಯಾಂಡ್ ಬೇಡ. ಉಪ್ಪು ಕೂತು ವರ್ಷದೊಳಗೆ ಹಿಟ್ಟಾಗಿ ಉದುರುತ್ತದೆ. ಮರವಾದರೆ ಗೆದ್ದಲು ನೋಡಿಕೊಳ್ಳಿ.

ಸೀಗಡಿಪ್ರಿಯ (ಕುಂಬಳೆ)

ಅಲ್ಯೂಮಿನಿಯಂ ಪ್ರೊಫೈಲಿನಲ್ಲಿ ಮಾಡಿಸುತ್ತೇನೆ. ಟ್ಯಾಂಗ್ ಹವಳದಹುಚ್ಚು ಅವರ ಆರಡಿ ಟ್ಯಾಂಕಿಗೆ ಹೋಗುವುದೆಂದು ತೀರ್ಮಾನ ಆಯಿತು. ಅಣ್ಣನ ಮಗನಿಗೆ ಮಂಗಳೂರಿಗೆ ಹೋಗಿ ನೋಡಿಬರುವ ಹಕ್ಕು ಇದೆಯಂತೆ, ಅವನೇ ಷರತ್ತು ಹಾಕಿದ್ದು.

ಈಗ ನಾಲ್ಕಡಿಯ ಗಾಜಿನ ಟ್ಯಾಂಕ್ ಖಾಲಿ. ಯಾರಿಗಾದರೂ ಬೇಕಾ?

ಬಾಯಾರು_ಸುರಂಗ (ಬಾಯಾರು)

ನನಗೆ ಬೇಕು. ಅದರಲ್ಲಿ ಯಾವತ್ತಾದರೂ ತಾಮ್ರದ ಮದ್ದು ಹಾಕಿದ್ದೀರಾ? ಸಿಲಿಕೋನ್ ಅದನ್ನು ಹೀರಿಕೊಂಡಿರುತ್ತದೆ ಎಂದು ಓದಿದೆ. ಅಕ್ಕ ಹೆದರಿಸಿದ ಮೇಲೆ ನಿದ್ದೆ ಬರುತ್ತಿಲ್ಲ.

ಸೀಗಡಿಪ್ರಿಯ (ಕುಂಬಳೆ)

ಇಲ್ಲ, ಮೊದಲಿನಿಂದಲೂ ಸೀಗಡಿ ಇದ್ದ ಟ್ಯಾಂಕ್. ಪಿಕಪ್‌ನಲ್ಲಿ ಬನ್ನಿ, ಜೊತೆಗೆ ಇಬ್ಬರು ಇರಲಿ. ಥರ್ಮಾಕೋಲ್ ನನ್ನ ಹತ್ತಿರ ಇದೆ. ಮೆಟ್ಟಿಲಿನವರು ಸೋಮವಾರ ಗೋಡೆ ಒಡೆಯುತ್ತಾರೆ, ಅದಕ್ಕೆ ಮೊದಲು ಬಂದರೆ ಒಳ್ಳೆಯದು.